ಹಿರಿಯರಿಲ್ಲದ ಹಡಗು: ಒಂದು ಜಪಾನಿ ಕಥೆಯ ನೂರು ವರ್ಷಗಳ ಪಯಣ

ಮಕ್ಕಳ ಗುಂಪೊಂದನ್ನು ಹಿರಿಯರ ಹಂಗಿಲ್ಲದೆ ಒಂದು ಕಡೆ ಬಿಟ್ಟುಬಿಟ್ಟರೆ ಏನಾದೀತು? ಹಂಚಿಕೊಂಡು ತಿಂದು ಬದುಕಿಯಾರೋ, ಹೊಡೆದಾಡಿ ಸತ್ತಾರೋ? ಕೇಳುವವರ ಮನಸ್ಸಿನಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಮನುಷ್ಯರ ಮೇಲೆ ನಂಬಿಕೆಯುಳ್ಳವರು ಮೊದಲನೆಯದನ್ನು ಹೇಳುತ್ತಾರೆ, ನಂಬಿಕೆ ಕಳೆದುಕೊಂಡವರು ಎರಡನೆಯದನ್ನು. ಜಪಾನ್ ದೇಶ ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ತನ್ನ ಮಕ್ಕಳಿಗೆ ಕಥೆಯಾಗಿ ಹೇಳುತ್ತಾ ಬಂದಿದೆ. ಪತ್ರಿಕೆಯಲ್ಲಿ ಹುಟ್ಟಿದ ಆ ಕಥೆ ಪುಸ್ತಕವಾಯಿತು, ಕೊನೆಗೆ ಟೀವಿ ಪರದೆಯ ಮೇಲೆ ಅಂತರಿಕ್ಷಕ್ಕೇ ಹಾರಿತು.

1999ರ ಅಕ್ಟೋಬರ್‌ನಿಂದ 2000ದ ಮಾರ್ಚ್‌ವರೆಗೆ ಟೀವಿ ಟೋಕಿಯೋ ವಾಹಿನಿಯಲ್ಲಿ 'ಮುಗೆನ್ ನೋ ರಿವೈಯಸ್' ಎಂಬ ಧಾರಾವಾಹಿ ಪ್ರಸಾರವಾಯಿತು. ಹೊರದೇಶಗಳಲ್ಲಿ ಅದು 'ಇನ್ಫಿನಿಟ್ ರಿವೈಯಸ್' ಎಂದು ಹೆಸರಾಯಿತು. ಸನ್‌ರೈಸ್ ಸಂಸ್ಥೆ ನಿರ್ಮಿಸಿದ, ಗೋರೋ ತಾನಿಗುಚಿ ನಿರ್ದೇಶಿಸಿದ 26 ಕಂತುಗಳ ಅನಿಮೆ ಅದು. ಅನಿಮೆ ಎಂದರೆ ಜಪಾನಿನ ಕಾರ್ಟೂನ್ ಚಿತ್ರಗಳು. ನಮ್ಮ ಮನೆಯ ಮಕ್ಕಳು ಡೋರೆಮಾನ್, ಶಿನ್‌ಚಾನ್‌ಗಳ ಮೂಲಕ ಅದನ್ನು ಬಲ್ಲರು. ಆದರೆ ಆ ದೇಶದಲ್ಲಿ ಕಾರ್ಟೂನ್ ಎಂಬುದು ಬರೀ ನಗೆಯಾಟವಲ್ಲ. ನಾವು ಕಾದಂಬರಿಯಲ್ಲಿ ಹೇಳುವ ಗಂಭೀರ ಸಂಗತಿಗಳನ್ನು ಅವರು ಅದರಲ್ಲಿ ಹೇಳುತ್ತಾರೆ. 'ರಿವೈಯಸ್' ಅಂಥದ್ದರಲ್ಲೊಂದು. ಅಂತರಿಕ್ಷದಲ್ಲಿ ದಿಕ್ಕೆಟ್ಟ 487 ಹುಡುಗ ಹುಡುಗಿಯರ ಕಥೆ ಅದು. ಅದರ ಕಹಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕಥೆಯ ವಂಶವೃಕ್ಷವನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ಆಂದಲೂಸಿಯದ ಬಾಲಕ, ಆಕ್ಲೆಂಡಿನ ಹುಡುಗರು

ನಿರ್ಜನ ದ್ವೀಪದಲ್ಲಿ ಒಂದು ಮಗುವನ್ನಿಟ್ಟು ಮನುಷ್ಯ ಸ್ವಭಾವವೆಂದರೇನು ಎಂದು ಪರೀಕ್ಷಿಸಿದ ಮೊದಲಿಗರಲ್ಲಿ ಒಬ್ಬರು ಆಂದಲೂಸಿಯದ ಇಬ್ನ್ ತುಫೈಲ್. ಅಲ್-ಮೊಹದ್ ಖಲೀಫರ ಆಸ್ಥಾನ ವೈದ್ಯರಾಗಿದ್ದ ಅವರು 1185ರಲ್ಲಿ ತೀರಿಕೊಂಡರು. ಅವರ 'ಹಯ್ಯ್ ಇಬ್ನ್ ಯಕ್ಜಾನ್' ಕೃತಿಯಲ್ಲಿ ಜಿಂಕೆಯೊಂದು ಸಾಕಿದ ಮಗು ಯಾವ ಗುರುವೂ ಇಲ್ಲದೆ, ಕೇವಲ ಕಣ್ಣಿನಿಂದ ಕಂಡು ಬುದ್ಧಿಯಿಂದ ಯೋಚಿಸಿ, ಕೊನೆಗೆ ಸೃಷ್ಟಿಕರ್ತನ ಅರಿವಿಗೆ ಬರುತ್ತದೆ. ಪ್ರತಿಯೊಂದು ಮಗುವೂ ಫಿತ್ರತ್‌ನಲ್ಲಿ, ಅಂದರೆ ನಿರ್ಮಲವಾದ ಸಹಜ ಸ್ವಭಾವದಲ್ಲಿ ಹುಟ್ಟುತ್ತದೆ, ಆಮೇಲೆ ಅದನ್ನು ಒಂದಲ್ಲ ಒಂದು ಅಚ್ಚಿಗೆ ಹಾಕುವವರು ಹಿರಿಯರು ಎಂಬ ಆಶಯದ ಪ್ರಸಿದ್ಧ ಹದೀಸನ್ನು ಬಲ್ಲವರಿಗೆ ಈ ಕಥೆ ಅಪರಿಚಿತವೆನಿಸದು. 1671ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದರ ಲ್ಯಾಟಿನ್ ಅನುವಾದ ಬಂತು. 1708ರಲ್ಲಿ ಸೈಮನ್ ಆಕ್ಲಿ ಅದನ್ನು ಅರಬಿಯಿಂದ ನೇರವಾಗಿ ಇಂಗ್ಲಿಷಿಗೆ ತಂದರು. ಹನ್ನೊಂದು ವರ್ಷಗಳ ನಂತರ, 1719ರಲ್ಲಿ ಡೇನಿಯಲ್ ಡೆಫೋನ 'ರಾಬಿನ್ಸನ್ ಕ್ರೂಸೋ' ಪ್ರಕಟವಾಯಿತು. ಡೆಫೋ ಇಬ್ನ್ ತುಫೈಲರನ್ನು ಓದಿದ್ದನೆಂಬುದಕ್ಕೆ ನೇರ ಸಾಕ್ಷ್ಯವಿಲ್ಲ. ಆದರೆ ಓದಿರಬಹುದೆಂದು ಊಹಿಸುವ ವಿದ್ವಾಂಸರು ಅನೇಕರಿದ್ದಾರೆ.

ಕ್ರೂಸೋನ ನಂತರ ಯುರೋಪಿನಲ್ಲಿ ದ್ವೀಪದ ಕಥೆಗಳಿಗೆ ಲೆಕ್ಕವಿಲ್ಲದಂತಾಯಿತು. ಫ್ರಾನ್ಸಿನ ಜೂಲ್ಸ್ ವರ್ನ್ 1888ರಲ್ಲಿ ಬರೆದ 'ಎರಡು ವರ್ಷಗಳ ರಜೆ' ಅವುಗಳಲ್ಲೊಂದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಶಾಲೆಯೊಂದರ ಹುಡುಗರು ರಜೆಯ ವಿಹಾರಕ್ಕೆಂದು ಹಡಗು ಹತ್ತಿ ಮಲಗಿದ್ದಾರೆ. ನಾವಿಕರು ದಡದಲ್ಲಿದ್ದಾರೆ. ರಾತ್ರೋರಾತ್ರಿ ಹಗ್ಗ ಬಿಚ್ಚಿಕೊಂಡು ಹಡಗು ಕಡಲಿಗೆ ಹೋಗುತ್ತದೆ, ಬಿರುಗಾಳಿಗೆ ಸಿಕ್ಕಿ ನಿರ್ಜನ ದ್ವೀಪಕ್ಕೆ ಬಡಿಯುತ್ತದೆ. ಎಂಟರಿಂದ ಹದಿನಾಲ್ಕು ವರ್ಷದೊಳಗಿನ ಹದಿನೈದು ಹುಡುಗರು ಅಲ್ಲಿ ಗುಹೆಯಲ್ಲಿ ಮನೆ ಮಾಡುತ್ತಾರೆ, ಪಾಠ ನಡೆಸುತ್ತಾರೆ, ಚುನಾವಣೆ ನಡೆಸಿ ನಾಯಕನನ್ನು ಆರಿಸುತ್ತಾರೆ. ಫ್ರೆಂಚ್ ಹುಡುಗನಿಗೂ ಇಂಗ್ಲಿಷ್ ಹುಡುಗನಿಗೂ ಜಗಳವಾಗುತ್ತದೆ, ಕೊನೆಗೆ ರಾಜಿಯಾಗುತ್ತದೆ.

ಎಲ್ಲವೂ ಚೆಂದವೇ. ಆದರೆ ಈ ಪುಟ್ಟ ಪ್ರಜಾಪ್ರಭುತ್ವದಲ್ಲಿ ಒಂದು ಕರಿಯ ಚುಕ್ಕೆಯಿದೆ. ಹದಿನೈದು ಜನರಲ್ಲಿ ಒಬ್ಬನಾದ ಮೋಕೋ ಹಡಗಿನ ಕೆಲಸದ ಹುಡುಗ, ಕಪ್ಪು ಜನಾಂಗದವನು. ಅಡಿಗೆ ಮಾಡುವವನು ಅವನು, ಎಲ್ಲರಿಗೂ ಬೇಕಾದವನು ಅವನು. ಆದರೆ ಚುನಾವಣೆಯಲ್ಲಿ ಅವನಿಗೆ ಮತವಿಲ್ಲ. ಲೇಖಕ ಅದನ್ನು ಸಹಜವೆಂಬಂತೆ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ದ್ವೀಪದಲ್ಲಿ ಹಿರಿಯರಿರಲಿಲ್ಲ ಎಂಬುದು ನಿಜ. ಆದರೆ ಹಿರಿಯರ ಭೇದಭಾವ ಹಡಗಿನಲ್ಲೇ ಬಂದಿತ್ತು.

ಮೊರಿತಾ ಶಿಕೆನ್ ಎಂಬ ಅನುವಾದಕ ಈ ಕಾದಂಬರಿಯನ್ನು ಇಂಗ್ಲಿಷ್ ಮೂಲಕ ಜಪಾನಿಗೆ ತಂದರು. 1896ರಲ್ಲಿ ಅದು 'ಶೋನೆನ್ ಸೆಕಾಯ್', ಅಂದರೆ 'ಬಾಲಕರ ಜಗತ್ತು' ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅದೇ ವರ್ಷ ಪುಸ್ತಕವಾಯಿತು. ಹೆಸರು 'ಜೂಗೊ ಶೋನೆನ್', ಅಂದರೆ 'ಹದಿನೈದು ಬಾಲಕರು'. ಚೀನಾದೊಂದಿಗಿನ ಯುದ್ಧವನ್ನು ಆಗಷ್ಟೇ ಗೆದ್ದು, ಕಡಲಾಚೆ ಕಣ್ಣು ಹಾಕಿದ್ದ ಜಪಾನ್ ಅದು. ಧೈರ್ಯಶಾಲಿ, ಶಿಸ್ತಿನ ಹುಡುಗರ ಕಥೆ ಅಲ್ಲಿ ಮನೆಮಾತಾಯಿತು. ಫ್ರಾನ್ಸಿನಲ್ಲಿ ವರ್ನನ ಬೇರೆ ಪುಸ್ತಕಗಳ ನೆರಳಲ್ಲಿ ಉಳಿದ ಈ ಕೃತಿ ಜಪಾನಿನಲ್ಲಿ ತಲೆಮಾರುಗಳ ಬಾಲ್ಯದ ಓದಾಗಿ ಉಳಿಯಿತು.

ನಿಜವಾಗಿ ಮುಳುಗಿದ ಹಡಗು

ಮುಂದಿನ ಅರ್ಧ ಶತಮಾನದಲ್ಲಿ ಆ ದೇಶದ ಮಕ್ಕಳು ಕಥೆಯಲ್ಲಲ್ಲ, ನಿಜದಲ್ಲೇ ಹೆತ್ತವರಿಂದ ದೂರವಾಗಿ ಹಡಗು, ರೈಲು ಹತ್ತಬೇಕಾಯಿತು. ಎರಡನೇ ಮಹಾಯುದ್ಧದ ಕೊನೆಯ ಘಟ್ಟದಲ್ಲಿ, 1944ರ ಬೇಸಿಗೆಯಿಂದ ಸರಕಾರ ನಗರಗಳ ಶಾಲಾ ಮಕ್ಕಳನ್ನು ಬಾಂಬ್ ದಾಳಿಯಿಂದ ಉಳಿಸಲೆಂದು ಗುಂಪು ಗುಂಪಾಗಿ ಹಳ್ಳಿಗಳಿಗೆ ಸಾಗಿಸಿತು. ಲಕ್ಷಾಂತರ ಮಕ್ಕಳು ದೇವಾಲಯಗಳಲ್ಲಿ, ಛತ್ರಗಳಲ್ಲಿ ಶಿಕ್ಷಕರೊಂದಿಗೆ ಅರೆಹೊಟ್ಟೆಯಲ್ಲಿ ದಿನ ಕಳೆದರು. ಆರನೇ ತರಗತಿ ಮುಗಿಸಿದವರಲ್ಲಿ ಅನೇಕರು ಶಾಲೆಯ ಬೀಳ್ಕೊಡುಗೆಗೆಂದು ಟೋಕಿಯೋಗೆ ಮರಳಿದ್ದು 1945ರ ಮಾರ್ಚ್ ಆರಂಭದಲ್ಲಿ. ಮಾರ್ಚ್ 10ರ ರಾತ್ರಿಯ ಬೆಂಕಿಬಾಂಬ್ ದಾಳಿ ಅವರಲ್ಲಿ ಎಷ್ಟೋ ಮಂದಿಯನ್ನು ಸುಟ್ಟಿತು.

ಒಕಿನಾವಾ ದ್ವೀಪದ ಮಕ್ಕಳ ಪಾಲಿಗೆ ಬಂದದ್ದು ಸಮುದ್ರ. ನಾಹಾ ಬಂದರಿನಿಂದ ಹೊರಟ 'ತ್ಸುಶಿಮಾ ಮಾರು' ಎಂಬ ಹಡಗನ್ನು 1944ರ ಆಗಸ್ಟ್ 22ರ ರಾತ್ರಿ ಅಮೆರಿಕದ ಜಲಾಂತರ್ಗಾಮಿ ನೌಕೆ 'ಬೌಫಿನ್' ಮುಳುಗಿಸಿತು. ಸತ್ತವರು ಸುಮಾರು 1,480. ಅವರಲ್ಲಿ ಸುಮಾರು 780 ಮಂದಿ ಶಾಲಾ ಮಕ್ಕಳು. ಹೊಡೆದವರಿಗೆ ಒಳಗೆ ಮಕ್ಕಳಿದ್ದಾರೆಂಬುದು ಗೊತ್ತಿರಲಿಲ್ಲ. ಆದರೆ ಮಕ್ಕಳನ್ನು ಕಳಿಸಿದವರು ಮಾಡಿದ್ದೇನು? ಬದುಕಿ ಉಳಿದವರ ಬಾಯಿಗೆ ಬೀಗ ಹಾಕಿದರು. ಹಡಗು ಮುಳುಗಿದ ಸುದ್ದಿಯನ್ನು ಯಾರಿಗೂ ಹೇಳಕೂಡದೆಂದು ಅಧಿಕಾರಿಗಳು ಅಪ್ಪಣೆ ಮಾಡಿದರು. ಊರಿನಲ್ಲಿ ತಾಯಂದಿರು ಕಾಗದಕ್ಕಾಗಿ ಕಾಯುತ್ತಿದ್ದರು. ಬದುಕಿ ಬಂದ ಮಗು ತನ್ನ ಜೊತೆಗಾರನ ತಾಯಿಯ ಮುಂದೆ ನಿಂತು ಸುಮ್ಮನಿರಬೇಕಿತ್ತು. ಹಡಗಿನ ಅವಶೇಷ ಸಮುದ್ರದಾಳದಲ್ಲಿ ಪತ್ತೆಯಾದದ್ದು 1997ರಲ್ಲಿ. ನಾಹಾದಲ್ಲಿ ಆ ಮಕ್ಕಳ ಸ್ಮಾರಕ ಸಂಗ್ರಹಾಲಯ ತೆರೆದದ್ದು 2004ರಲ್ಲಿ.

ಯುದ್ಧ ಮುಗಿದ ಮೇಲೆ, 1948ರಲ್ಲಿ ಜಪಾನ್ ಸರಕಾರ ನಡೆಸಿದ ಗಣತಿಯಲ್ಲಿ ಅನಾಥ ಮಕ್ಕಳ ಸಂಖ್ಯೆ 1 ಲಕ್ಷ 23 ಸಾವಿರವನ್ನು ಮೀರಿತ್ತು. ಟೋಕಿಯೋದ ಉಯೆನೋ ರೈಲು ನಿಲ್ದಾಣದ ನೆಲಮಾಳಿಗೆಯ ದಾರಿಗಳಲ್ಲಿ ಮಲಗುತ್ತಿದ್ದ ಈ ಮಕ್ಕಳನ್ನು ಜನ ಕಳ್ಳರೆಂದೂ ಪುಂಡರೆಂದೂ ಕರೆದರು. ಅವರನ್ನು ಅನಾಥರನ್ನಾಗಿ ಮಾಡಿದ ಹಿರಿಯರೇ ಹಾಗೆ ಕರೆದರು.

ಇದೇ ಯುದ್ಧದಿಂದ ಮರಳಿದ ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿ, ಶಾಲಾ ಶಿಕ್ಷಕ ವಿಲಿಯಂ ಗೋಲ್ಡಿಂಗ್ 1954ರಲ್ಲಿ 'ಲಾರ್ಡ್ ಆಫ್ ದಿ ಫ್ಲೈಸ್' ಬರೆದರು. ಅಲ್ಲಿಯೂ ದ್ವೀಪ, ಅಲ್ಲಿಯೂ ಹುಡುಗರು. ಆದರೆ ವರ್ನನ ಆಶಾವಾದವಿಲ್ಲ. ಹುಡುಗರು ಬೇಟೆಗಾರರಾಗುತ್ತಾರೆ, ತಮ್ಮ ಜೊತೆಗಾರರನ್ನೇ ಕೊಲ್ಲುತ್ತಾರೆ. ಮನುಷ್ಯನೊಳಗೆ ಹುಟ್ಟಿನಿಂದಲೇ ಮೃಗವಿದೆ ಎಂಬುದಕ್ಕೆ ಈ ಕಾದಂಬರಿಯನ್ನು ಪುರಾವೆಯಾಗಿ ಕೊಡುವವರಿಗೆ ಕೊರತೆಯಿಲ್ಲ. ಅವರು ಮರೆಯುವ ಸಂಗತಿಯೊಂದಿದೆ. ಆ ಹುಡುಗರು ದ್ವೀಪಕ್ಕೆ ಬಿದ್ದದ್ದೇ ಹಿರಿಯರ ಅಣುಯುದ್ಧದಿಂದ ಓಡಿಹೋಗುವಾಗ. ಕೊನೆಯಲ್ಲಿ ಅವರನ್ನು ಉಳಿಸಲು ಬರುವುದೂ ಒಂದು ಯುದ್ಧದ ಹಡಗೇ.

ಹದಿಮೂರು ಮಕ್ಕಳ ನೌಕೆ

ಯುದ್ಧಕಾಲದಲ್ಲಿ ಹುಟ್ಟಿದ ಮಕ್ಕಳು ಬೆಳೆದು ಜಪಾನಿನ ಟೀವಿ ಸ್ಟುಡಿಯೋಗಳನ್ನು ಸೇರಿದರು. 1970ರ ದಶಕದ ಕೊನೆಯಲ್ಲಿ ಸನ್‌ರೈಸ್ ಸಂಸ್ಥೆ ಹೊಸ ಧಾರಾವಾಹಿಗಾಗಿ ಯೋಚಿಸುತ್ತಿದ್ದಾಗ ಮೊದಲು ಮುಂದಿಟ್ಟ ಮಾದರಿ 'ಹದಿನೈದು ಬಾಲಕರು'. ಆ ಕಥೆಯನ್ನೇ ಅಂತರಿಕ್ಷದಲ್ಲಿ ಹೇಳೋಣ ಎಂಬ ಯೋಚನೆ ಬೆಳೆಯುತ್ತಾ ಹೋಗಿ, ಆಟಿಕೆ ತಯಾರಿಸುವ ಪ್ರಾಯೋಜಕರಿಗಾಗಿ ದೈತ್ಯ ಯಂತ್ರಗಳೂ ಸೇರಿಕೊಂಡು, 1979ರಲ್ಲಿ 'ಗುಂಡಮ್' ಎಂಬ ಯುದ್ಧಕಥೆಯಾಗಿ ಹೊರಬಂತು. ಅದರ ನಿರ್ದೇಶಕ ಯೋಶಿಯುಕಿ ತೊಮಿನೊ ಹುಟ್ಟಿದ್ದು 1941ರಲ್ಲಿ. ಮನೆಮಠ ಕಳೆದುಕೊಂಡ ನಿರಾಶ್ರಿತರೂ ಹದಿಹರೆಯದವರೂ ತುಂಬಿದ ನೌಕೆಯೊಂದು ಆ ಕಥೆಯ ಕೇಂದ್ರದಲ್ಲಿತ್ತು.

ಮೂಲ ಯೋಚನೆಗೆ ಹೆಚ್ಚು ಹತ್ತಿರವಾಗಿ ಬಂದದ್ದು 1983ರ ಅಕ್ಟೋಬರ್‌ನಲ್ಲಿ ಆರಂಭವಾದ 'ಗಿಂಗಾ ಹ್ಯೋರ್ಯೂ ವೈಫಾಮ್'. ತಾಕೆಯುಕಿ ಕಾಂದಾ ನಿರ್ದೇಶನದ 46 ಕಂತುಗಳ ಈ ಧಾರಾವಾಹಿ ಹೆಸರಿನಲ್ಲೇ 'ನಕ್ಷತ್ರಲೋಕದಲ್ಲಿ ದಿಕ್ಕೆಟ್ಟವರು' ಎಂಬ ಅರ್ಥ ಹೊತ್ತಿತ್ತು. ಕಾಕತಾಳೀಯವೆಂಬಂತೆ ಅದೇ ತಿಂಗಳಲ್ಲಿ ಗೋಲ್ಡಿಂಗ್‌ಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆದರೆ 'ವೈಫಾಮ್' ಗೋಲ್ಡಿಂಗ್ ದಾರಿ ಹಿಡಿಯಲಿಲ್ಲ. ದೂರದ ಗ್ರಹದಲ್ಲಿ ನೆಲೆಸಿದ ಮನುಷ್ಯರ ಮೇಲೆ ಅನ್ಯಗ್ರಹದವರು ದಾಳಿ ಮಾಡುತ್ತಾರೆ. ಹೆತ್ತವರಿಂದ ಬೇರೆಯಾದ ಹದಿಮೂರು ಮಕ್ಕಳು 'ಜೇನಸ್' ಎಂಬ ತರಬೇತಿ ನೌಕೆಯಲ್ಲಿ ಉಳಿಯುತ್ತಾರೆ. ಅತಿ ಚಿಕ್ಕದಕ್ಕೆ ನಾಲ್ಕು ವರ್ಷ, ಅತಿ ದೊಡ್ಡವನಿಗೆ ಹದಿನೈದು. ಯುದ್ಧದಷ್ಟೇ ಸಮಯವನ್ನು ಕಥೆ ಅಡಿಗೆಗೆ, ಬಟ್ಟೆ ಒಗೆಯುವುದಕ್ಕೆ, ಅಳುವ ಮಗುವನ್ನು ಮಲಗಿಸುವುದಕ್ಕೆ ಕೊಡುತ್ತದೆ.

ಈ ಮಕ್ಕಳಲ್ಲಿ ಕಚುವಾ ಎಂಬ ಹುಡುಗಿಯೊಬ್ಬಳಿದ್ದಾಳೆ. ತಾನು ಮನುಷ್ಯ ದಂಪತಿಗಳ ಸಾಕುಮಗಳು, ಹುಟ್ಟಿನಿಂದ ಆ ಶತ್ರು ಜನಾಂಗಕ್ಕೆ ಸೇರಿದವಳು ಎಂಬುದು ಅವಳಿಗೆ ದಾರಿಯ ಮಧ್ಯೆ ತಿಳಿಯುತ್ತದೆ. ಹೊರಗೆ ಅವಳ ಜನರೇ ಗುಂಡು ಹಾರಿಸುತ್ತಿರುವಾಗ ಒಳಗಿರುವವರು ಅವಳನ್ನು ಹೇಗೆ ನೋಡಬೇಕು? ಹಿರಿಯರ ಜಗತ್ತಿನಲ್ಲಾಗಿದ್ದರೆ ಅವಳ ನಿಷ್ಠೆಗೆ ದಿನಕ್ಕೊಂದು ಪರೀಕ್ಷೆ ಏರ್ಪಡುತ್ತಿತ್ತು. ಮಕ್ಕಳು ಅವಳನ್ನು ತಮ್ಮವಳಾಗಿಯೇ ಉಳಿಸಿಕೊಳ್ಳುತ್ತಾರೆ. ಕೊನೆಗೆ ತನ್ನ ಹುಟ್ಟಿನ ಬೇರನ್ನು ಹುಡುಕಲು ಅವಳೇ ಹೊರಟಾಗ ಕಾಗದದ ವಿಮಾನಗಳನ್ನು ಹಾರಿಸಿ ಬೀಳ್ಕೊಡುತ್ತಾರೆ. ವರ್ನನ ಮೋಕೋಗೆ ಸಿಗದ ಮತ, ಸುಮಾರು ನೂರು ವರ್ಷಗಳ ಬಳಿಕ ಜಪಾನಿನ ಈ ನೌಕೆಯಲ್ಲಿ ಕಚುವಾಳಿಗೆ ಸಿಕ್ಕಿತೆನ್ನಬಹುದು.

ರಿವೈಯಸ್: ಭಯದ ಕಾಲದ ಕಥೆ

ಹದಿನಾರು ವರ್ಷಗಳ ನಂತರ ಅದೇ ಸನ್‌ರೈಸ್ ಸಂಸ್ಥೆ 'ರಿವೈಯಸ್' ಮಾಡುವ ಹೊತ್ತಿಗೆ ಜಪಾನ್ ಬದಲಾಗಿತ್ತು. ಉಬ್ಬಿದ್ದ ಆರ್ಥಿಕತೆ ಕುಸಿದಿತ್ತು. 1995ರ ಜನವರಿಯಲ್ಲಿ ಕೋಬೆ ಭೂಕಂಪ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎರಡೇ ತಿಂಗಳಲ್ಲಿ ಓಮ್ ಶಿನ್ರಿಕ್ಯೋ ಪಂಥದವರು ಟೋಕಿಯೋದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಹರಡಿದರು. 1997ರಲ್ಲಿ ಕೋಬೆಯಲ್ಲಿ ಇಬ್ಬರು ಮಕ್ಕಳ ಕೊಲೆಯಾಯಿತು. ಆರೋಪಿ ಹದಿನಾಲ್ಕರ ಹುಡುಗನೆಂದು ತಿಳಿದಾಗ ದೇಶವೇ ಬೆಚ್ಚಿತು. ಪತ್ರಿಕೆಗಳು 'ತರಗತಿಗಳ ಕುಸಿತ' ಎಂಬ ಹೊಸ ಪದವನ್ನು ದಿನವೂ ಬರೆಯತೊಡಗಿದವು. ಶಾಲಾಮಕ್ಕಳನ್ನು ಸರಕಾರವೇ ದ್ವೀಪಕ್ಕೆ ಒಯ್ದು ಪರಸ್ಪರ ಕೊಲ್ಲಿಸುವ 'ಬ್ಯಾಟಲ್ ರಾಯಲ್' ಕಾದಂಬರಿ ಪ್ರಕಟವಾದದ್ದು 1999ರಲ್ಲಿ. 2000ದಲ್ಲಿ ಸಂಸತ್ತು ಬಾಲಾಪರಾಧ ಕಾನೂನನ್ನು ತಿದ್ದಿ, ಕ್ರಿಮಿನಲ್ ಶಿಕ್ಷೆಗೆ ಗುರಿಯಾಗುವ ವಯಸ್ಸನ್ನು 16ರಿಂದ 14ಕ್ಕೆ ಇಳಿಸಿತು. ಒಂದು ಸಮಾಜ ತನ್ನ ಮಕ್ಕಳಿಗೇ ಹೆದರತೊಡಗಿದ ಕಾಲ ಅದು.

'ರಿವೈಯಸ್' ಕಥೆ ನಡೆಯುವುದು 2225ರಲ್ಲಿ. ಸೂರ್ಯನ ಸ್ಫೋಟದಿಂದ ಸೌರಮಂಡಲದ ನಡುವೆ 'ಗೆಡುಲ್ಟ್' ಎಂಬ ಉರಿಯುವ ಕಡಲೊಂದು ಹರಡಿದೆ. ಜರ್ಮನ್ ಭಾಷೆಯ ಈ ಪದಕ್ಕೆ ತಾಳ್ಮೆ ಎಂದರ್ಥ. ಅಂತರಿಕ್ಷಯಾನಿಗಳನ್ನು ತಯಾರು ಮಾಡುವ ಕೇಂದ್ರದ ಹೆಸರು 'ಲೀಬೆ ಡೆಲ್ಟಾ'. ಲೀಬೆ ಎಂದರೆ ಪ್ರೀತಿ. ಯಾರೋ ನಡೆಸಿದ ವಿಧ್ವಂಸಕ ಕೃತ್ಯದಿಂದ ಕೇಂದ್ರ ಆ ಕಡಲಿನೊಳಗೆ ಕುಸಿಯುತ್ತದೆ. ಮಕ್ಕಳನ್ನು ಉಳಿಸುವ ಪ್ರಯತ್ನದಲ್ಲಿ ಶಿಕ್ಷಕರು ಸಾಯುತ್ತಾರೆ. ಕೇಂದ್ರದ ಒಡಲಲ್ಲೇ ಅಡಗಿಸಿಟ್ಟಿದ್ದ ರಹಸ್ಯ ಯುದ್ಧನೌಕೆಯೊಂದು ಎದ್ದುಬಂದು 487 ವಿದ್ಯಾರ್ಥಿಗಳನ್ನು ಹೊತ್ತೊಯ್ಯುತ್ತದೆ.

ಆಮೇಲೆ ನೌಕೆಯೊಳಗೆ ಮನುಷ್ಯ ಸಮಾಜದ ಇತಿಹಾಸವೇ ಪುನರಾವರ್ತನೆಯಾಗುತ್ತದೆ. ಮೊದಲು ಮೇಧಾವಿ ಹಿರಿಯ ವಿದ್ಯಾರ್ಥಿಗಳ ಆಡಳಿತ. ಬಳಿಕ ಪುಂಡರ ಗುಂಪು ಅಧಿಕಾರ ಕಸಿಯುತ್ತದೆ. ದುಡಿಮೆಗೆ ಇಷ್ಟು ಅಂಕ, ಅಂಕಕ್ಕೆ ಇಷ್ಟು ಆಹಾರ ಎಂಬ ಲೆಕ್ಕ ಬರುತ್ತದೆ. ಅಂಕದ ಹಿಂದೆಯೇ ಕಳ್ಳತನ, ಚಾಡಿ, ಗುಮಾನಿ ಬರುತ್ತವೆ. ಕೊನೆಗೆ ಅಧಿಕಾರ ಹಿಡಿಯುವವನು ದುಷ್ಟನಲ್ಲ, ಎಲ್ಲರಿಗೂ ಬೇಕಾಗಿದ್ದ ನಗುಮುಖದ ಇಕುಮಿ. ಯಾರಿಗೂ ನೋವಾಗಬಾರದೆಂಬ ಆಸೆಯಿಂದ ಹೊರಟವನು ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವ ಸರ್ವಾಧಿಕಾರಿಯಾಗುತ್ತಾನೆ. ಅವನೆದುರು ನಿಲ್ಲುವ ಕಥಾನಾಯಕ ಕೋಜಿ ಶೂರನೂ ಅಲ್ಲ, ಬುದ್ಧಿವಂತನೂ ಅಲ್ಲ. ಮಾತಾಡೋಣ ಎನ್ನುವುದನ್ನು ಬಿಡದಿರುವುದೊಂದೇ ಅವನ ಬಲ.

ಇಷ್ಟನ್ನೇ ನೋಡಿದವರು ಇದು ಗೋಲ್ಡಿಂಗ್‌ನ ಅಂತರಿಕ್ಷದ ಅವತಾರ ಎನ್ನುತ್ತಾರೆ. ಆದರೆ ಹೊರಗೆ ನಡೆಯುವುದನ್ನು ನೋಡಬೇಕು. ಮಕ್ಕಳು ಸಹಾಯಕ್ಕಾಗಿ ಕೂಗುತ್ತಾರೆ. ಉತ್ತರವಾಗಿ ಬರುವುದು ಕ್ಷಿಪಣಿ. ಕೇಂದ್ರವನ್ನು ನಾಶ ಮಾಡಿ ನೌಕೆ ಅಪಹರಿಸಿದವರು ಭಯೋತ್ಪಾದಕರು ಎಂದು ಹೊರಜಗತ್ತಿಗೆ ಸಾರಲಾಗಿದೆ. ಆ ಒಂದು ಪದ ಸಾಕು, ಒಳಗೆ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. ಪ್ರತಿಸಲ ಹೊರಗಿನಿಂದ ಒಂದು ಏಟು ಬಿದ್ದಾಗಲೂ ಒಳಗಿನ ಆಡಳಿತ ಇನ್ನಷ್ಟು ಬಿಗಿಯಾಗುತ್ತದೆ, ಒಳಗಿನ ಗುಮಾನಿ ಇನ್ನಷ್ಟು ಬೆಳೆಯುತ್ತದೆ. ಮಕ್ಕಳು ಕೆಟ್ಟದ್ದು ತಾವಾಗಿ ಅಲ್ಲ. ಅವರನ್ನು ಮುತ್ತಿಗೆ ಹಾಕಲಾಗಿತ್ತು. ಮುತ್ತಿಗೆಯೊಳಗೆ ಬದುಕಿದ ಸಮುದಾಯಗಳಿಗೆ, ಅವು ಯಾವ ದೇಶದವಾದರೂ ಸರಿ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯಲ್ಲದ ಒಂದು ದ್ವೀಪ

ಇಲ್ಲಿ ನಿಜವಾಗಿ ನಡೆದ ಒಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 1965ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದ ಹದಿಹರೆಯದ ಆರು ಹುಡುಗರು ವಸತಿಶಾಲೆಯ ಬೇಸರ ತಾಳದೆ ಒಂದು ದೋಣಿ ಎತ್ತಿಕೊಂಡು ಹೊರಟರು. ಬಿರುಗಾಳಿಗೆ ಹಾಯಿ ಹರಿದು, ಎಂಟು ದಿನ ತೇಲಿ, 'ಅಟಾ' ಎಂಬ ಬಂಡೆಗಲ್ಲಿನ ದ್ವೀಪ ಸೇರಿದರು. ಹದಿನೈದು ತಿಂಗಳು ಅಲ್ಲಿದ್ದರು. ಇಬ್ಬಿಬ್ಬರಂತೆ ಕೆಲಸ ಹಂಚಿಕೊಂಡರು. ಹೊತ್ತಿಸಿದ ಬೆಂಕಿಯನ್ನು ಒಂದು ದಿನವೂ ಆರಗೊಡಲಿಲ್ಲ. ಜಗಳವಾದರೆ ಇಬ್ಬರೂ ದೂರ ಹೋಗಿ ಕೋಪ ತಣಿದ ಮೇಲೆ ಬರಬೇಕೆಂಬುದು ಅವರ ಕಟ್ಟಳೆ. ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟು ಹಾಕಿ ಕೂಡಿಸಿದರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ನಾವಿಕ ಅವರನ್ನು ಕಂಡು ಕರೆತಂದಾಗ ಆರೂ ಜನ ಆರೋಗ್ಯವಾಗಿದ್ದರು.

ಊರಿಗೆ ಬಂದ ಹುಡುಗರನ್ನು ಹಿರಿಯರು ಮೊದಲು ಕಳಿಸಿದ್ದು ಜೈಲಿಗೆ. ದೋಣಿಯ ಮಾಲೀಕ ಕಳ್ಳತನದ ದೂರು ಕೊಟ್ಟಿದ್ದ. ವಾರ್ನರ್ ದೋಣಿಯ ಬೆಲೆ ತೆತ್ತ ಮೇಲೆ ಅವರ ಬಿಡುಗಡೆಯಾಯಿತು. ಇನ್ನೊಂದು ಸಂಗತಿ. ಆ ದ್ವೀಪ ನಿರ್ಜನವಾಗಿದ್ದೇಕೆ? ಒಂದು ಕಾಲದಲ್ಲಿ ಅಲ್ಲಿ ಜನವಸತಿಯಿತ್ತು. 1863ರಲ್ಲಿ ಗುಲಾಮರನ್ನು ಹಿಡಿಯುವ ಹಡಗೊಂದು ಬಂದು ಸುಮಾರು 144 ಮಂದಿಯನ್ನು ಮೋಸದಿಂದ ಹೊತ್ತೊಯ್ದಿತು. ಉಳಿದವರನ್ನು ಟೋಂಗಾದ ದೊರೆ ಬೇರೆ ದ್ವೀಪಕ್ಕೆ ಸಾಗಿಸಿದ. ವಯಸ್ಕರ ಲೋಭ ಬರಿದು ಮಾಡಿದ ನೆಲದಲ್ಲಿ ಆರು ಹುಡುಗರು ಹದಿನೈದು ತಿಂಗಳು ಮನುಷ್ಯರಾಗಿ ಬದುಕಿ ತೋರಿಸಿದರು. ಗೋಲ್ಡಿಂಗ್‌ನ ಕಾದಂಬರಿ ಲೋಕದ ಶಾಲೆಗಳಲ್ಲಿ ಪಠ್ಯವಾಯಿತು. ಈ ಆರು ಜನರ ಕಥೆ ಹೆಚ್ಚಿನವರ ಕಿವಿಗೆ ಬಿದ್ದದ್ದು 2020ರಲ್ಲಿ, ಡಚ್ ಲೇಖಕ ರುಟ್ಗರ್ ಬ್ರೆಗ್ಮನ್ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ಬರೆದ ಮೇಲೆ.

ಮುಚ್ಚಿಟ್ಟ ಇತಿಹಾಸ

ಜಪಾನಿನಲ್ಲಿ ಈ ಕಥೆಯ ಇತ್ತೀಚಿನ ಕವಲುಗಳಲ್ಲೊಂದು 'ಕನಾತಾ ನೋ ಅಸ್ತ್ರಾ'. ಕೆಂತಾ ಶಿನೋಹರಾ 2016ರಿಂದ 2017ರವರೆಗೆ ಬರೆದ ಚಿತ್ರಕಥೆ 2019ರಲ್ಲಿ 12 ಕಂತುಗಳ ಅನಿಮೆಯಾಯಿತು. ಶಾಲಾ ಶಿಬಿರಕ್ಕೆಂದು ಅನ್ಯಗ್ರಹಕ್ಕೆ ಹೋದ ಎಂಟು ವಿದ್ಯಾರ್ಥಿಗಳು ಮತ್ತು ಒಬ್ಬಳ ಪುಟ್ಟ ತಂಗಿ, ಒಟ್ಟು ಒಂಬತ್ತು ಮಂದಿ, ಬೆಳಕಿನ ಗೋಳವೊಂದಕ್ಕೆ ಸಿಕ್ಕಿ 5,012 ಜ್ಯೋತಿರ್ವರ್ಷ ದೂರಕ್ಕೆ ಎಸೆಯಲ್ಪಡುತ್ತಾರೆ. ಪಾಳುಬಿದ್ದ ನೌಕೆಯೊಂದನ್ನು ಹಿಡಿದು ಗ್ರಹದಿಂದ ಗ್ರಹಕ್ಕೆ ಹಾರುತ್ತಾ ಮನೆಯ ಕಡೆ ಹೊರಡುತ್ತಾರೆ. ತಮಾಷೆ, ಸ್ನೇಹ ತುಂಬಿದ ಪಯಣದ ನಡುವೆ ಸತ್ಯ ಹೊರಬೀಳುತ್ತದೆ. ಅವರನ್ನು ಸಾಯಲೆಂದು ಕಳಿಸಿದವರು ಅವರ ಹೆತ್ತವರೇ. ಈ ಮಕ್ಕಳು ಆ ಹಿರಿಯರ ದೇಹದಿಂದಲೇ ಮಾಡಿದ ತದ್ರೂಪುಗಳು. ಮುಪ್ಪು ಬಂದಾಗ ಹೊಸ ದೇಹವಾಗಿ ಬಳಸಿಕೊಳ್ಳುವ ಹಂಚಿಕೆಯಿತ್ತು. ಕಾನೂನು ಬದಲಾದಾಗ ಅವರೇ ಅಪರಾಧದ ಸಾಕ್ಷಿಗಳಾದರು.

ಅದಕ್ಕಿಂತ ದೊಡ್ಡ ಸುಳ್ಳು ಮತ್ತೊಂದಿದೆ. ಶಾಲೆಯಲ್ಲಿ ಅವರು ಕಲಿತ ಇತಿಹಾಸವೇ ಕಟ್ಟುಕಥೆ. ಮನುಷ್ಯರು ಹಿಂದೆ ಬೇರೊಂದು ಭೂಮಿಯಲ್ಲಿದ್ದರು, ಅಲ್ಲಿಂದ ವಲಸೆ ಬರುವಾಗ ಭೀಕರವಾಗಿ ಕಾದಾಡಿದರು ಎಂಬುದನ್ನು ಹಿಂದಿನ ತಲೆಮಾರು ಒಟ್ಟಾಗಿ ಅಳಿಸಿಹಾಕಿತ್ತು. ಮಕ್ಕಳ ಒಳಿತಿಗಾಗಿ, ಶಾಂತಿಗಾಗಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಥೆಯ ಕೊನೆಯಲ್ಲಿ ಆ ಮಕ್ಕಳ ಮೂಲಕವೇ ಸತ್ಯ ಲೋಕಕ್ಕೆ ತಿಳಿಯುತ್ತದೆ. 'ತ್ಸುಶಿಮಾ ಮಾರು'ವಿನಿಂದ ಬದುಕಿ ಬಂದ ಮಕ್ಕಳಿಗೆ ಸುಮ್ಮನಿರಲು ಹೇಳಿದ್ದ ದೇಶದಲ್ಲಿ ಈ ಮುಕ್ತಾಯಕ್ಕೆ ತನ್ನದೇ ಆದ ಭಾರವಿದೆ.

1896ರಿಂದ 2019ರವರೆಗಿನ ಈ ಕಥೆಗಳನ್ನು ಸಾಲಾಗಿಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಿರಿಯರಿಲ್ಲದ ಹಡಗು ಎಂಬುದು ಎಲ್ಲಿಯೂ ಇಲ್ಲ. ವರ್ನನ ಹಡಗಿನಲ್ಲಿ ಅವರ ವರ್ಣಭೇದವಿತ್ತು, ಗೋಲ್ಡಿಂಗ್‌ನ ದ್ವೀಪದ ಸುತ್ತ ಅವರ ಯುದ್ಧವಿತ್ತು, ರಿವೈಯಸ್‌ನ ತಳದಲ್ಲಿ ಅವರ ರಹಸ್ಯ ಶಸ್ತ್ರವಿತ್ತು, ಅಸ್ತ್ರಾದ ಪಠ್ಯಪುಸ್ತಕದಲ್ಲಿ ಅವರ ಸುಳ್ಳಿತ್ತು. ನಾವಿಲ್ಲದೆ ಮಕ್ಕಳು ಏನಾದಾರು ಎಂದು ಚಿಂತಿಸುವುದಕ್ಕೆ ಮುಂಚೆ, ನಾವು ಅವರ ಹಡಗಿಗೆ ಏನನ್ನು ತುಂಬಿ ಕಳಿಸುತ್ತಿದ್ದೇವೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಯಾರನ್ನು ದ್ವೇಷಿಸಬೇಕು, ಯಾರನ್ನು ನಂಬಬಾರದು, ಯಾವ ಸತ್ಯವನ್ನು ಬಾಯಿಬಿಡಬಾರದು ಎಂಬ ಪಾಠಗಳನ್ನು ಯಾವ ಮಗುವೂ ತಾಯಿಯ ಹೊಟ್ಟೆಯಿಂದ ಹೊತ್ತು ತರುವುದಿಲ್ಲ.